ಹಾಲೆಮರದ ನಾಲಿಗೆ

ಆ ಬೆಳಗ್ಗೆ ಬಿಸಿಲೂ ಮಳೆಯೂ ಒಟ್ಟಿಗೆ ಬಂದಿದ್ದವು. ರಾಮನಗರದ ಬಂಡೆಬೆಟ್ಟಗಳ ನೆತ್ತಿಯ ಮೇಲೆ ಎಳೆಬಿಸಿಲು ಬೆಣ್ಣೆಯ ಹಾಗೆ ಕೂತಿತ್ತು. ಬುಡದಲ್ಲಿ ಮಾತ್ರ ಯಾರೋ ಜರಡಿ ಹಿಡಿದಂತೆ ಸಣ್ಣ ಹನಿ. ಕನಕಪುರದ ಕಡೆ ಹೊರಟ ಬಸ್ಸಿನಲ್ಲಿ ಎಡಗಡೆ ಕೂತವರು ಸೆರಗು ತಲೆಗೆ ಹೊದ್ದಿದ್ದರೆ ಬಲಗಡೆಯವರು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು.

"ಎಲ್ಲೋ ಕಾಗೆಗೂ ನರಿಗೂ ಮದ್ವೆ ನಡೀತೈತೆ ಕಣ್ರಪ್ಪೋ," ಎಂದು ಹಿಂದಿನ ಸೀಟಿನಿಂದ ಒಬ್ಬ ಕೂಗಿದ.

"ಎಲ್ಲಿ ಅಂತ ಹೇಳಣ್ಣ, ಊಟಕ್ಕೆ ಅಲ್ಲೇ ಇಳ್ಕತೀನಿ," ಎಂದ ಕಂಡಕ್ಟರ್.

ಬಸ್ಸಿಗೆ ಬಸ್ಸೇ ನಕ್ಕಿತು. ನಗದೆ ಕೂತಿದ್ದವರು ವರಲಕ್ಷ್ಮಮ್ಮ ಒಬ್ಬರೇ. ಚನ್ನಪಟ್ಟಣದ ಮಿಡ್ಲ್ ಸ್ಕೂಲಿನಲ್ಲಿ ಸಮಾಜಪಾಠ ಹೇಳುತ್ತಿದ್ದ ಅವರು ಸುಮ್ಮಸುಮ್ಮನೆ ನಗುವ ಪೈಕಿಯಲ್ಲ. ಆದರೆ ಇವತ್ತು ನಗದಿರುವುದಕ್ಕೆ ಕಾರಣ ಅವರ ತೊಡೆಯ ಮೇಲಿದ್ದ ಕೈಚೀಲದಲ್ಲಿತ್ತು. ಚೀಲದೊಳಗೆ ಟವೆಲ್ಲು, ಟವೆಲ್ಲಿನೊಳಗೆ ಒಂದು ಹಿತ್ತಾಳೆಯ ಪೂಜೆಗಂಟೆ. ಗಂಟೆ ಅವರದಲ್ಲ. ಅದನ್ನು ಅವರು ಕದ್ದಿದ್ದರು.

ಕದ್ದದ್ದು ಶಾಸ್ತ್ರಕ್ಕೆ. ಆ ಬೇಸಿಗೆಯಲ್ಲಿ ಅವರ ಮಗನಿಗೆ ಮತ್ತಿದೊಡ್ಡಿಯ ಬೋರಮ್ಮನ ಮಗಳು ಸಿದ್ದಮ್ಮನನ್ನು ತಂದುಕೊಂಡಿದ್ದರು. ಹೆಣ್ಣಿನ ಮನೆಯಿಂದ ದಿಬ್ಬಣ ಹೊರಡುವಾಗ ಗಂಡಿನ ತಾಯಿ ಏನಾದರೊಂದನ್ನು ಕದ್ದೊಯ್ಯಬೇಕು. ಎಲ್ಲರೂ ನೋಡಿಯೂ ನೋಡದ ಹಾಗೆ ಇರಬೇಕು. ಹೊಳೆಗೆ ಹೊಸ ನೀರು ಬಂದು ಹೆಂಗಸರು ಗಂಗೆಪೂಜೆ ಮಾಡುವ ದಿನ ಕದ್ದವಳೇ ಬಂದು ಅದನ್ನು ಹೊಳೆದಂಡೆಯಲ್ಲಿ ಒಪ್ಪಿಸಬೇಕು. ಹೋದ ಹಾಗೇ ಬಂದರೆ ಕದ್ದ ಬೀಗತಿಗೆ ಮೊರದ ಬಾಗಿನ. ಊನವಾಗಿ ಬಂದರೆ ಅವಳು ಊರ ಹೆಂಗಸರ ಮುಂದೆ ಸೋಬಾನೆ ಹಾಡಿ ಕುಣಿಯಬೇಕು. ಲೋಟವೋ ಸೌಟೋ ಕದ್ದಿದ್ದರೆ ಸುಲಭವಿತ್ತು. ವರಲಕ್ಷ್ಮಮ್ಮ ದೈವಭಕ್ತೆ, ಅವರ ಕಣ್ಣು ದೇವರ ಗೂಡಿನ ಗಂಟೆಯ ಮೇಲೆ ಬಿತ್ತು.

"ಜ್ವಾಪಾನ ಕಣಕ್ಕ, ನಮ್ಮತ್ತೆ ಕಾಲ್ದಿಂದ್ಲೂ ಬಂದದ್ದು," ಎಂದು ಬೋರಮ್ಮ ಅಂದಾಗ, ಮದುವೆಮನೆಯ ಹೆಂಗಸರೆಲ್ಲ ಕೇಳುವಂತೆ ವರಲಕ್ಷ್ಮಮ್ಮ ಹೇಳಿದ್ದರು: "ನಾನು ಟೀಚರ್ರೀ ಬೋರಮ್ಮನವರೇ. ನನ್ನ ಕೈಗೆ ಬಂದದ್ದು ಒಂದು ಗೀರೂ ಬೀಳದೆ ವಾಪಸ್ ಹೋಗುತ್ತೆ."

ಹಾಗೆ ಹೇಳಿ ತಂದ ಗಂಟೆಯನ್ನು ಟವೆಲ್ಲಿನಲ್ಲಿ ಸುತ್ತಿದಂತೆಯೇ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ನಿನ್ನೆ ಸಂಜೆ ಬಿಚ್ಚಿ ನೋಡಿದರೆ ಗಂಟೆ ಇದೆ, ನಾಲಿಗೆ ಇಲ್ಲ. ಒಳಗೆ ತೂಗುವ ಹಿತ್ತಾಳೆಯ ಗುಂಡು ಕೊಂಡಿಯಿಂದ ಕಳಚಿ ಎಲ್ಲೋ ಹೋಗಿದೆ. ಟ್ರಂಕು ಬೋರಲು ಹಾಕಿದರು. ಹಾಸಿಗೆ ಕೊಡವಿದರು. ಅಕ್ಕಿಡಬ್ಬಿಗೆ ಕೈ ಹಾಕಿದರು. ಅಕ್ಕಿಡಬ್ಬಿಗೆ ಯಾಕೆ ಬರುತ್ತದೆ ಎಂದು ತಮ್ಮನ್ನೇ ಬೈದುಕೊಂಡರು. ಸೊಸೆ ಆಗಲೇ ತವರಿಗೆ ಹೋಗಿದ್ದಳು, ಅದೊಂದು ಪುಣ್ಯ. ಹಿತ್ತಾಳೆ ಕೆಲಸದವನ ಅಂಗಡಿಗೆ ಬೀಗ. ಕೊನೆಗೆ ಓಡಿದ್ದು ಪಕ್ಕದ ಬೀದಿಯ ಹಫೀಜಾ ಮನೆಗೆ. ಅವಳು ಮನೆಯಲ್ಲೇ ಗೊಂಬೆ ಕಡೆಯುವವಳು.

"ಅಯ್ಯೋ ಟೀಚರಮ್ಮಾ, ಗಂಟೆಗೆ ಮರದ ನಾಲ್ಗೆ ಹಾಕ್ತಾರಾ? ಟಿಣ್ ಅನ್ನಲ್ಲ ಅದು, ಟೊಕ್ ಅಂತದೆ!"

"ನೋಡೋಕೆ ಹಿತ್ತಾಳೆ ಥರ ಇದ್ರೆ ಸಾಕು ಹಫೀಜಾ. ಬಾರಿಸೋಕೆ ನಾನು ಬಿಡಲ್ಲ."

ಹಫೀಜಾ ನಗುತ್ತಲೇ ಹಾಲೆಮರದ ತುಂಡೊಂದನ್ನು ಕಡೆದು, ಹಳದಿ ಅರಗು ಒತ್ತಿ, ತಾಳೆಗರಿ ಹಿಡಿದು ಹೊಳಪು ಕೊಟ್ಟಳು. ನೋಡಲು ಹಿತ್ತಾಳೆಯೇ. ಕೊಂಡಿಗೆ ಸಿಕ್ಕಿಸಿದ್ದೂ ಆಯಿತು. ಇನ್ನು ಉಳಿದದ್ದು ಒಂದೇ ಉಪಾಯ. ಪೂಜೆ ಮುಗಿಯಬೇಕಾದ್ದು ಹೊತ್ತು ಮುಳುಗುವುದರೊಳಗೆ. ವಾಪಸ್ ಬಸ್ಸು ಬರುವುದೂ ಆಗಲೇ. ಅಲ್ಲಿಯವರೆಗೆ ಹೇಗಾದರೂ ಹೊತ್ತು ಕಳೆದು, ಗಡಿಬಿಡಿಯಲ್ಲಿ ಟವೆಲ್ಲಿನ ಸಮೇತ ಗಂಟೆಯನ್ನು ಬೋರಮ್ಮನ ಕೈಗೆ ತುರುಕಿ ಬಸ್ಸು ಹತ್ತಿಬಿಡಬೇಕು. ಮುಂದೆ ನಾಲಿಗೆ ಮಾಡಿಸಿ, ಯಾವಾಗಲಾದರೂ ಸದ್ದಿಲ್ಲದೆ ಬದಲಾಯಿಸಿದರಾಯಿತು.

ಮತ್ತಿದೊಡ್ಡಿ ಗೇಟಿನಲ್ಲಿ ಬಸ್ಸು ನಿಂತಾಗ ಬೋರಮ್ಮ, ಅವಳ ಗಂಡ ತಿಮ್ಮಯ್ಯ, ಸೊಸೆ ಸಿದ್ದಮ್ಮ ಕಾದಿದ್ದರು. ಬೋರಮ್ಮನ ಕಣ್ಣು ಮೊದಲು ಬೀಗತಿಯ ಮುಖದ ಮೇಲೆ, ಆಮೇಲೆ ಕೈಚೀಲದ ಮೇಲೆ ಬಿತ್ತು. ಯಾಕೋ ಸೆರಗಿನ ತುದಿ ಬಾಯಿಗೆ ಹಿಡಿದು ಕಿಸಕ್ಕನೆ ನಕ್ಕಳು.

"ಬನ್ನಿ ಅಕ್ಕ. ರೊಟ್ಟಿ ಕಾಯ್ತಾ ಐತೆ. ತಿಂದ್ಬುಟ್ಟು ಒಸಿ ದಣಿವಾರಿಸ್ಕಳಿ. ಬಿಸ್ಲಿರೋವಾಗ್ಲೇ ಹೊಳೆತಾವ್ಕೆ ಹೋಗಿ ಪೂಜೆ ಮುಗಿಸ್ಬುಡಾನ."

"ಪೂಜೆಗೇನವಸರ ಬೋರಮ್ಮನವರೇ?" ಎಂದರು ವರಲಕ್ಷ್ಮಮ್ಮ. "ಇಷ್ಟು ದೂರ ಬಂದಿದ್ದೀನಿ. ಮದುವೇಲಿ ಊರು ನೋಡೋಕೇ ಆಗಲಿಲ್ಲ. ನಿಮ್ಮೂರಲ್ಲಿ ಹಳೇ ಕಾಲದ್ದು ಏನೇನಿದೆ, ಎಲ್ಲಾ ನೋಡಬೇಕು."

ಈ ಮಾತು ತಿಮ್ಮಯ್ಯನ ಕಿವಿಗೆ ಬಿದ್ದದ್ದೇ ತಡ. ಅವನು ಹುಟ್ಟಿದಾಗಿನಿಂದ ಆ ಊರಿನಲ್ಲಿದ್ದ. ಇದುವರೆಗೆ ಒಬ್ಬನೇ ಒಬ್ಬ ಮನುಷ್ಯ 'ನಿಮ್ಮೂರು ತೋರಿಸಿ' ಎಂದು ಅವನನ್ನು ಕೇಳಿರಲಿಲ್ಲ. ತಲೆಯ ವಲ್ಲಿ ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. ರೊಟ್ಟಿ ತಿನ್ನಲೂ ಪುರುಸೊತ್ತು ಕೊಡಲಿಲ್ಲ.

"ಬನ್ನಿ ಬೀಗ್ರಮ್ಮ! ಮೊದ್ಲು ಕ್ವಾಟೆ!"

ಕೋಟೆ ಎಂದರೆ ಊರ ಹಿಂದಿನ ದಿಣ್ಣೆ. ಒಂದು ಕಾಲಕ್ಕೆ ಮಣ್ಣಿನ ಗೋಡೆ ಇದ್ದಿರಬೇಕು. ಈಗ ಸೀತಾಫಲದ ಪೊದೆಗಳು, ಪೊದೆಗಳ ನಡುವೆ ಮೇಯುವ ಮೇಕೆಗಳು. ನೆತ್ತಿಯಲ್ಲಿ ಮಾತ್ರ ದೊಡ್ಡ ಕಲ್ಲುಗಳ ಒಂದು ಮೂಲೆ ಇನ್ನೂ ಎದೆಕೊಟ್ಟು ನಿಂತಿತ್ತು.

"ಯಾರ ಕಾಲದ್ದು?" ಎಂದು ಕೇಳಿದರು ವರಲಕ್ಷ್ಮಮ್ಮ, ಹೊತ್ತು ಕಳೆಯಲು.

"ಪಾಳೇಗಾರ್ನ ಕಾಲದ್ದು."

"ಯಾವ ಪಾಳೇಗಾರ?"

"ನಮ್ಮೂರವ್ನೇ ಕಣಮ್ಮ," ಎಂದ ತಿಮ್ಮಯ್ಯ, ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದನೆಂಬಂತೆ. "ಶತ್ರುಗೋಳು ಇಲ್ಲೀಗಂಟ ಬಂದ್ರಂತೆ. ಕ್ವಾಟೆ ಹತ್ತಿದ್ರಂತೆ. ಹತ್ತಿ ನೋಡ್ತಾರೆ, ಒಳ್ಗೆ ಏನೂ ಇಲ್ಲ! ಬೇಜಾರಾಗಿ ವಾಪಸ್ ಹೊಂಟೋದ್ರಂತೆ."

"ಏನೂ ಇಲ್ದಿದ್ಮೇಲೆ ಕ್ವಾಟೆ ಯಾಕ್ ಕಟ್ಟಿದ್ನಪ್ಪ?" ಎಂದಳು ಸಿದ್ದಮ್ಮ.

"ಏನೋ ಐತೆ ಅನ್ಕಳ್ಲಿ ಅಂತ!"

ವರಲಕ್ಷ್ಮಮ್ಮ ಕೈಚೀಲವನ್ನು ಎದೆಗೊತ್ತಿಕೊಂಡರು. ಒಳಗೆ ಮೆಲ್ಲಗೆ ಟೊಕ್ ಎಂದಿತು. ಅವರು ಜೋರಾಗಿ ಕೆಮ್ಮಿದರು.

ಆಮೇಲೆ ಕಲ್ಯಾಣಿ. ಮೆಟ್ಟಿಲುಗಳ ಸಂದಿಯಲ್ಲಿ ಹುಲ್ಲು, ನೀರಿನ ಮೇಲೆ ತಾವರೆ ಎಲೆ, ಎಲೆಯ ಮೇಲೆ ಬೆಳಗಿನ ಮಳೆಹನಿ ಪಾದರಸದಂತೆ ಅತ್ತಿತ್ತ. ಒಂದು ಆಮೆ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿತ್ತು. ಇವರನ್ನು ನೋಡಿ ಅವಸರವಿಲ್ಲದೆ ನೀರಿಗಿಳಿಯಿತು. ವರಲಕ್ಷ್ಮಮ್ಮನಿಗೆ ಆಮೆಯ ಮೇಲೆ ಅಸೂಯೆಯಾಯಿತು. ನಾಚಿಕೆಯಾದಾಗ ತಲೆ ಒಳಗೆಳೆದುಕೊಳ್ಳುವ ಸೌಕರ್ಯ ಅದಕ್ಕಿದೆ.

"ಇನ್ನೇನಿದೆ?" ಎಂದರು.

ಕಲ್ಯಾಣಿಯ ಪಕ್ಕದ ಹೊಂಗೆಮರದ ಕೆಳಗೆ ವೀರಗಲ್ಲು. ಮೂರು ಅಂತಸ್ತಿನ ಕೆತ್ತನೆ. ಹರಳೆಣ್ಣೆ ಹಚ್ಚಿ ಹಚ್ಚಿ ವೀರನ ಮೀಸೆ ನುಣ್ಣಗಾಗಿ ಬರೀ ಗಲ್ಲ ಉಳಿದಿತ್ತು. ತಿಮ್ಮಯ್ಯ ಕೋಲು ಹಿಡಿದು ಪಾಠ ಶುರುಮಾಡಿದ. "ಕೆಳ್ಗಡೆ ನೋಡಿ, ಜಗ್ಳ. ನಡ್ವೆ ನೋಡಿ, ಹೆಣ್ಮಕ್ಳು ಅವ್ನ ರೆಟ್ಟೆ ಹಿಡ್ದು ಮ್ಯಾಕೆ ಎತ್ಕಂಡೋಗ್ತಾವ್ರೆ. ಟಿಕೀಟ್ ಇಲ್ಲ, ಏನಿಲ್ಲ. ಮ್ಯಾಲ್ಗಡೆ ಕೈಲಾಸ. ಈಗ ಆರಾಮಾಗವ್ನೆ."

ವರಲಕ್ಷ್ಮಮ್ಮ ಬಗ್ಗಿ ನೋಡಿದರು. ಕೆಳಗಿನ ಅಂತಸ್ತಿನ ಮೂಲೆಯಲ್ಲಿ ಸಣ್ಣ ಸಣ್ಣ ಹಸುಗಳು ಸಾಲಾಗಿದ್ದವು. ಅವರೊಳಗಿನ ಪಾಠ ಹೇಳುವವಳು ತಡೆಯುವುದರೊಳಗೆ ಬಾಯಿ ತೆರೆದುಬಿಟ್ಟಳು: "ಇದು ತುರುಗೊಳ್ ಕಲ್ಲು. ಊರ ದನಗಳನ್ನ ಕಳ್ಳರು ಹೊಡಕೊಂಡು ಹೋದಾಗ ಇವನು ಹೋರಾಡಿ ಸತ್ತ. ಕದ್ದದ್ದನ್ನ ಊರಿಗೆ ವಾಪಸ್ ತಂದವನು ಅಂತ ಪೂಜೆ ಮಾಡ್ತಾರೆ."

ಹೇಳಿ ಮುಗಿಸಿದಾಗ ಗಂಡ, ಹೆಂಡತಿ, ಮಗಳು ಮೂವರ ಕಣ್ಣೂ ಕೈಚೀಲದ ಮೇಲಿತ್ತು.

"ಕದ್ದಿದ್ನ ವಾಪಸ್ ತರೋದು ದೊಡ್ಡ ಪುಣ್ಯ ಕಣಕ್ಕ," ಎಂದಳು ಬೋರಮ್ಮ. ಸೆರಗಿನ ತುದಿಯ ಗಂಟನ್ನು ತಿರುವುತ್ತ ಮತ್ತೆ ಕಿಸಕ್ಕೆಂದಳು.

ಈ ಹೆಂಗಸು ಯಾಕೆ ಹೀಗೆ ನಗುತ್ತಾಳೆ? ಗೊತ್ತಾಗಿಬಿಟ್ಟಿದೆಯೇ? ವರಲಕ್ಷ್ಮಮ್ಮ ಚೀಲವನ್ನು ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡರು. "ಇನ್ನೇನಿದೆ ತಿಮ್ಮಯ್ಯನವರೇ? ಇನ್ನೇನಿದೆ?"

ಇನ್ನೂ ಇತ್ತು. ಪಾಳೇಗಾರ ಕೂತು ನ್ಯಾಯ ಹೇಳಿದ ಬಂಡೆ. ಅವನು ಮಲಗಿದ ಬಂಡೆ. ಅವನ ಹೆಂಡತಿ ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತ ಬಂಡೆ. ಪ್ರತಿ ಬಂಡೆಗೂ ತಿಮ್ಮಯ್ಯ ಒಂದು ಕತೆ ಹೇಳಿದ. ಕತೆ ಸಾಲದಾದಾಗ ಬಂಡೆಯೇ ಇಲ್ಲದ ಜಾಗಕ್ಕೂ ಒಂದು ಹೇಳಿದ. ಊರಿನವರು ಒಬ್ಬೊಬ್ಬರೇ ಹಿಂದೆ ಸೇರಿಕೊಂಡರು. ಊರು ನೋಡಲು ಬಂದವರನ್ನು ನೋಡಲು ಊರೇ ಬಂದಿತ್ತು. "ಟೀಚರಮ್ಮ ನಮ್ಮನೆ ರಾಗಿಗುಂಡಿ ಹಗೇವೂ ನೋಡ್ಲಿ," ಎಂದ ಒಬ್ಬ. "ಅದ್ರಲ್ಲೇನೈತ್ಲಾ ನೋಡಾಕೆ, ನಿಮ್ಮಪ್ಪ ಬಿದ್ದಿದ್ದಾ?" ಎಂದ ಇನ್ನೊಬ್ಬ. ನಗು ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಎಲ್ಲರಿಗೂ ಏನೋ ಗುಂಗು ಹಿಡಿದ ಹಾಗಿತ್ತು.

"ಈಗ ನೋಡಿ, ನಮ್ಮೂರ ದೊಡ್ಡ ಸೋಜಿಗ," ಎಂದು ತಿಮ್ಮಯ್ಯ ಒಂದು ಗುಂಡುಬಂಡೆಯ ಮುಂದೆ ನಿಂತ. ಚಿಕ್ಕ ಕಲ್ಲೊಂದನ್ನು ತೆಗೆದು ಬಂಡೆಗೆ ಬಡಿದ. ಟಿಣ್ಣ್! ಅಪ್ಪಟ ಕಂಚಿನ ದನಿ. ಬೆಟ್ಟದಿಂದ ಒಂದು ಪಾರಿವಾಳದ ಹಿಂಡು ಹಾರಿತು.

"ಗಂಟೆಕಲ್ಲು! ನಮ್ಮನೆ ಗಂಟೆಯದೂ ತೇಟ್ ಇದೇ ದನಿ. ಅಲ್ವೇನವ್ವ?" ಎಂದು ಗುಂಪಿನಲ್ಲಿದ್ದ ಹಿರಿಯಾಕೆ ಮಾರಕ್ಕನನ್ನು ಕೇಳಿದ. ಮಾರಕ್ಕ ಊರಿನ ಶಾಸ್ತ್ರಗಳಿಗೆಲ್ಲ ಕಣ್ಣಿಟ್ಟು ಕಾಯುವ ಮುದುಕಿ.

"ಎಲ್ಲಿ, ಆ ಗಂಟೇನೂ ಒಸಿ ತಗೀರಿ, ಎರಡೂ ತಾಳೆ ನೋಡಾನ," ಎಂದಳು ಮಾರಕ್ಕ.

"ದೇವರ ಗಂಟೇನ ಬಂಡೆ ಜೊತೆ ತಾಳೆ ನೋಡ್ತಾರಾ? ಅಪಚಾರ!" ಎಂದು ವರಲಕ್ಷ್ಮಮ್ಮ ತರಗತಿಯ ದನಿಯಲ್ಲಿ ಗದರಿದರು. ಎಲ್ಲರೂ ಕೈಕಟ್ಟಿಕೊಂಡು ನಿಂತರು. ಬಂಡೆಯೂ ಸುಮ್ಮನಾಯಿತು.

ಹೊಳೆಗೆ ಬಂದಾಗ ಹೊತ್ತು ಇಳಿಯತೊಡಗಿತ್ತು, ಆದರೆ ಸಾಲದು. ಅರ್ಕಾವತಿ ಹೊಸನೀರು ತುಂಬಿ ಕೆಂಪಗೆ, ಅವಸರದಲ್ಲಿ ಹರಿಯುತ್ತಿದ್ದಳು. ದಡದುದ್ದಕ್ಕೂ ಹೊಳೆಮತ್ತಿ ಮರಗಳು ಬಿಳಿಯ ಬೊಡ್ಡೆಗಳನ್ನು ನೀರಿಗಿಳಿಸಿ, ಕಾಲು ತೊಳೆಯಲು ಕೂತ ಅಜ್ಜಿಯರಂತಿದ್ದವು. ಬಾಗಿದ ಜಾಲಿಯ ತುಂಬ ಗೀಜಗನ ಗೂಡು. ಮಿಂಚುಳ್ಳಿಯೊಂದು ನೀಲಿಯ ಗೆರೆ ಎಳೆದು ಮಾಯವಾಯಿತು. ಮಡುವಿನಲ್ಲಿ, ಹರಿಗೋಲು ನಡೆಸುವ ದೊಡ್ಡಹನುಮಯ್ಯನ ಎಮ್ಮೆಗಳು ಮೂಗಿನವರೆಗೆ ಮುಳುಗಿ ಧ್ಯಾನಕ್ಕೆ ಕೂತಿದ್ದವು. ದಡದಲ್ಲಿ ದೊಡ್ಡಹನುಮಯ್ಯ ತನ್ನ ಹರಿಗೋಲಿನ ಪಕ್ಕ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ.

"ಯಾಕಣ್ಣ?" ಎಂದ ತಿಮ್ಮಯ್ಯ.

"ಏನ್ ಹೇಳ್ಳಿ ಕಣ್ಲಾ. ಮುಂದಾಳು ಎಮ್ಮೆ ಈಯಾಕೈತೆ ಅಂತ ಮನೇಲಿ ಕಟ್ಬುಟ್ಟು ಬಂದೆ. ಅದ್ರ ಕೊಳ್ಳಲ್ಲಿರೋ ಮರದ್ಗಂಟೆ ಸದ್ದು ಕೇಳಿದ್ರೇನೇ ಇವು ಮನೆ ದಾರಿ ಹಿಡಿಯೋದು. ಬೆಳಗ್ಗಿಂದ ಕರೀತಾವ್ನಿ, ಒಂದೂ ಎದ್ದು ಬತ್ತಾ ಇಲ್ಲ. ಬೈದ್ರೆ ಕಿವಿ ಮುಳುಗಿಸ್ಕಂಬುಡ್ತವೆ."

ಹೊಳೆಯ ನಡುಗಡ್ಡೆಯಲ್ಲಿ ನಾಲ್ಕು ಕಂಬದ ಹಳೆಯ ಮಂಟಪವೊಂದಿತ್ತು. ವರಲಕ್ಷ್ಮಮ್ಮನಿಗೆ ಅದು ದೇವರೇ ತೋರಿಸಿದ ದಾರಿಯಂತೆ ಕಂಡಿತು. "ಅದನ್ನ ನೋಡದೆ ಹೋಗೋದುಂಟಾ?"

"ಬನ್ನಿ ತಾಯಿ, ಎಮ್ಮೆ ಬರ್ದಿದ್ರೆ ಬ್ಯಾಡ, ನೀವಾದ್ರೂ ಬತ್ತೀರಲ್ಲ," ಎಂದ ದೊಡ್ಡಹನುಮಯ್ಯ.

ಹರಿಗೋಲಿನಲ್ಲಿ ವರಲಕ್ಷ್ಮಮ್ಮ, ಬೋರಮ್ಮ, ಸಿದ್ದಮ್ಮ ಮೊಣಕಾಲು ಮೊಣಕಾಲು ತಾಗಿಸಿ ಕೂತರು. ಹೋಗುವಾಗ ಸುಮ್ಮನೆ ಹೋಯಿತು. ಮಂಟಪದೊಳಗೆ ತಂಪು. ದೇವರಿರಲಿಲ್ಲ, ಪೀಠವಿತ್ತು, ಪೀಠದ ಮೇಲೆ ಯಾರೋ ಇಟ್ಟ ಕಣಗಿಲೆ ಹೂವಿತ್ತು. ಸುತ್ತ ನೀರಿನ ಸದ್ದು. ಒಂದು ನೀರುನಾಯಿ ಮೀನು ಕಚ್ಚಿಕೊಂಡು ತಲೆಯೆತ್ತಿ, ಇವರನ್ನು ನೋಡಿ, ತನ್ನ ಪಾಡಿಗೆ ತಾನು ತಿನ್ನತೊಡಗಿತು. ವರಲಕ್ಷ್ಮಮ್ಮ ಕಣ್ಣುಮುಚ್ಚಿ ಕೈಮುಗಿದರು. 'ಗಂಗಮ್ಮಾ, ನನ್ನ ಮಾನ ಉಳಿಸು' ಎಂದು ಬೇಡಿಕೊಳ್ಳಲು ಹೊರಟವರಿಗೆ, ಇಂಥ ತಾಯಿಯ ಎದುರು ಇಷ್ಟು ಚಿಕ್ಕದನ್ನು ಬೇಡಬೇಕೇ ಅನ್ನಿಸಿತು. ಬೇಡದೆ ಕಣ್ಣು ತೆರೆದರು. ಹೊಳೆ ಹರಿಯುತ್ತಲೇ ಇತ್ತು.

ಬರುವಾಗ ದೊಡ್ಡಹನುಮಯ್ಯನಿಗೆ ಹುಕಿ ಬಂತು. "ಬೀಗ್ತೀರಿಗೆ ಒಸಿ ಲೋಕ ತೋರಿಸ್ಲಾ?" ಎಂದು ಹುಟ್ಟನ್ನು ಒಂದೇ ಕಡೆ ಹಾಕಿ ಎಳೆದ. ಹರಿಗೋಲು ಬುಗುರಿಯಂತೆ ತಿರುಗಿತು. ಮತ್ತಿಮರ, ಕೋಟೆ, ಎಮ್ಮೆ, ಮಂಟಪ, ತಿಮ್ಮಯ್ಯ, ಮತ್ತೆ ಮತ್ತಿಮರ, ಕೋಟೆ, ಎಮ್ಮೆ. ಸಿದ್ದಮ್ಮ "ಅತ್ತೇ!" ಎಂದು ಕಿರುಚಿ ಅತ್ತೆಯನ್ನು ಅಪ್ಪಿಕೊಂಡಳು. ಬೋರಮ್ಮ ಇಬ್ಬರನ್ನೂ ಅಪ್ಪಿಕೊಂಡಳು.

"ನಿಲ್ಸೋ ಪುಣ್ಯಾತ್ಮ!"

"ನಿಲ್ಸಿದ್ರೆ ಇನ್ನೂ ತಿರುಗ್ತೀರಿ ಕಣವ್ವಾ!"

ದಡಕ್ಕೆ ಇಳಿದಾಗ ವರಲಕ್ಷ್ಮಮ್ಮನಿಗೆ ನೆಲವೇ ಹರಿಗೋಲಾಗಿತ್ತು. ನಡೆಯಲು ಹೋದರೆ ಕಾಲು ಬೇರೆ ಕಡೆಗೆ ಹೊರಡುತ್ತಿತ್ತು. ಅವರ ಗಂಟಲಿನಿಂದ ಬಿಕ್ಕಳಿಕೆಯಂಥದ್ದೊಂದು ಹೊರಟಿತು. ಅದು ನಗುವೋ ಏನೋ ಎಂದು ಅವರಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಹೆಂಗಸರು ಮರಳು ಸಾರಿಸಿ, ಮೊರದಲ್ಲಿ ಅರಿಸಿನ ಕುಂಕುಮ, ಹಸಿರು ಬಳೆ, ವೀಳ್ಯದೆಲೆ, ಬೆಲ್ಲ, ಚೆಂಡುಹೂ ಜೋಡಿಸಿ ಆಗಿತ್ತು. ಹೊತ್ತು ಇನ್ನೂ ಮತ್ತಿಮರದ ಮೇಲೇ ಇತ್ತು.

"ಅಕ್ಕ, ಗಂಟೆ," ಎಂದಳು ಬೋರಮ್ಮ ಮೆಲ್ಲಗೆ.

ವರಲಕ್ಷ್ಮಮ್ಮ ತಿಮ್ಮಯ್ಯನ ಕಡೆ ತಿರುಗಿದರು. "ನೋಡೋಕೆ ಇನ್ನೇನೂ ಉಳಿದಿಲ್ವಾ?"

ತಿಮ್ಮಯ್ಯ ತಲೆ ಕೆರೆದ. "ನಮ್ಮ ಹಿತ್ಲಲ್ಲಿ ಒಂದು ಒಳ್ಳು ಐತೆ..."

"ಒರಳಾ? ನಡೀರಿ, ನೋಡೋಣ!"

"ಅದು ಹೋದ್ವರ್ಸ ನಾನೇ ಸಂತೇಲಿ ತಂದದ್ದು ಕಣಮ್ಮ."

ಇನ್ನು ದಾರಿಯಿರಲಿಲ್ಲ. ವರಲಕ್ಷ್ಮಮ್ಮ ಟವೆಲ್ಲಿನ ಸಮೇತ ಗಂಟೆಯನ್ನು ತೆಗೆದು ಚಾಚಿದರು. "ತಗೊಳ್ಳಿ. ಒಪ್ಪಿಸಿದ್ದಾಯ್ತು."

"ಹಂಗಲ್ಲ ಕಣವ್ವ," ಎಂದಳು ಮಾರಕ್ಕ ಮುಂದೆ ಬಂದು. "ಗಂಗಮ್ಮನ ಕಡೆ ಮಕ ಮಾಡಿ, ನಿನ್ ಕೈಯಾರೆ ಬಾರಿಸ್ಬುಟ್ಟು ಕೊಡ್ಬೇಕು. ಅದೇ ಶಾಸ್ತ್ರ."

ಟವೆಲ್ಲು ಬಿಚ್ಚಿಕೊಂಡಿತು. ಬಿಸಿಲಿಗೆ ಗಂಟೆ ಥಳಥಳ ಹೊಳೆಯಿತು. ಎಲ್ಲರೂ ಕೈಮುಗಿದು ಕಣ್ಣುಮುಚ್ಚಿದರು. ವರಲಕ್ಷ್ಮಮ್ಮ ಹೊಳೆಯ ಕಡೆ ತಿರುಗಿ, ಆದದ್ದಾಗಲಿ ಎಂದು ಕೈ ಅಲ್ಲಾಡಿಸಿದರು.

ಟೊಕ್. ಟೊಕ್. ಟೊಕ್.

ಮುಚ್ಚಿದ ಕಣ್ಣುಗಳೆಲ್ಲ ತೆರೆದವು. ಮೊದಲು ಉತ್ತರ ಕೊಟ್ಟದ್ದು ಎಮ್ಮೆಗಳು. ಮಡುವಿನಲ್ಲಿ ಒಂದು ತಲೆ ಎದ್ದಿತು, ಕಿವಿ ಅಗಲವಾಯಿತು. ಇನ್ನೊಂದು ಎದ್ದಿತು. ಆಮೇಲೆ ಇಡೀ ಹಿಂಡು ಬುಸ್ಸೆಂದು ನೀರು ಸುರಿಸುತ್ತ, ಕೆಸರು ಜಾರಿಸುತ್ತ, ಮುಂದಾಳು ಕರೆಯಿತೆಂದು ಸಂಭ್ರಮದಿಂದ ದಡ ಹತ್ತಿತು.

"ಬಂದ್ವೂ!" ಎಂದು ದೊಡ್ಡಹನುಮಯ್ಯ ಕುಣಿದ. "ಬೆಳಗ್ಗಿಂದ ಬರ್ದಿದ್ದವು ಬಂದ್ಬುಟ್ವೂ!"

ವರಲಕ್ಷ್ಮಮ್ಮ ಓಡಿದರು. ಓಡುವ ಭರದಲ್ಲಿ ಗಂಟೆ ಕೈಯಲ್ಲೇ ಇದೆ ಎಂಬುದನ್ನು ಮರೆತರು. ಅವರು ಓಡಿದಷ್ಟೂ ಗಂಟೆ ಟೊಕಟೊಕ; ಗಂಟೆ ಟೊಕಟೊಕ ಎಂದಷ್ಟೂ ಎಮ್ಮೆಗಳು ಹಿಂದೆ. ಮೊದಲನೆಯದು ಮೊರದ ವೀಳ್ಯದೆಲೆಗೆ ಬಾಯಿ ಹಾಕಿತು, ಎರಡನೆಯದು ಬೆಲ್ಲಕ್ಕೆ. ತಿಮ್ಮಯ್ಯ ಬಿಡಿಸಲು ಹೋಗಿ ಎಮ್ಮೆಯ ಬೆನ್ನಿಗೆ ಅಡ್ಡಬಿದ್ದು, ಇಳಿಯಲಾಗದೆ, ಸವಾರಿ ಹೊರಟೇಬಿಟ್ಟ.

"ಟೀಚರಮ್ಮ, ಗಂಟೆ ಬಿಡೀ!" ಎಂದು ಹೆಂಗಸರು ಕೂಗಿದರು.

"ಬಿಡ್ಬ್ಯಾಡ್ರವ್ವೋ!" ಎಂದು ದೊಡ್ಡಹನುಮಯ್ಯ ಕೂಗಿದ. "ಹಂಗೇ ಬಾರಿಸ್ಕಂಡು ನಮ್ ಕೊಟ್ಟಿಗೇಗಂಟ ಓಡ್ಬುಡಿ!"

ಆಗ ಬಂತು ನಗು. ಎಲ್ಲಿತ್ತೋ ಅಷ್ಟು ವರ್ಷ! ವರಲಕ್ಷ್ಮಮ್ಮ ಮತ್ತಿಮರದ ಬೊಡ್ಡೆಗೆ ಒರಗಿ, ಗಂಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಣ್ಣಲ್ಲಿ ನೀರು ಸುರಿಯುವಷ್ಟು ನಕ್ಕರು. ಎಮ್ಮೆಗಳು ಸುತ್ತ ನಿಂತು, ಹೊಸ ಮುಂದಾಳನ್ನು ಗೌರವದಿಂದ ನೋಡಿದವು.

ಎಲ್ಲ ತಣ್ಣಗಾದ ಮೇಲೆ ಮಾರಕ್ಕ ಗಂಟೆಯನ್ನು ಮಗುಚಿ ನೋಡಿದಳು. ಹಳದಿ ಅರಗಿನ ನಾಲಿಗೆಯನ್ನು ಉಗುರಿನಿಂದ ತಟ್ಟಿದಳು. ನ್ಯಾಯ ಹೇಳುವಾಗ ಅವಳ ಗಲ್ಲವೂ ಕುಣಿಯುತ್ತಿತ್ತು. "ವಸ್ತು ಊನ ಆಗೈತೆ. ಸರಿಮಾಡಿಸ್ದೆ ಇದ್ನ ಮನೆ ತುಂಬಿಸ್ಕಳಂಗಿಲ್ಲ. ನಾಲ್ಗೆ ಹಾಕ್ಸಿ ಅವ್ಳೇ ತಂದುಕೊಡ್ಲಿ. ಈಗ ಹಾಡ್ಲಿ, ಕುಣೀಲಿ."

"ಬ್ಯಾಡ ಕಣತ್ತೆ, ದಣಿದವ್ರೆ, ಬುಟ್ಬುಡಿ," ಎಂದಳು ಬೋರಮ್ಮ. ಅವಳ ಮುಖದಲ್ಲಿ ಬೆಳಗಿನ ನಗುವಿರಲಿಲ್ಲ.

"ಯಾಕೆ ಬಿಡಬೇಕು?" ಎಂದು ವರಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ತಪ್ಪು ನನ್ನದು."

ಮರಳಿನ ಮೇಲೆ ನಿಂತು, ಒಡಕಲು ದನಿಯಲ್ಲಿ ಹಾಡು ಕಟ್ಟಿಯೇಬಿಟ್ಟರು:

"ಗಂಟೆಯ ಕದ್ದೊಯ್ದೆ, ನಾಲಿಗೆ ಕಳಕೊಂಡೆ, ಸೋಬಾನವೇ
ಎಮ್ಮೆಯ ದಿಬ್ಬಣಕೆ ನಾನೇ ಮುಂದಾದೆ, ಸೋಬಾನವೇ!"

ಹೆಂಗಸರು ಸೋಬಾನವೇ ಎಂದು ಸೊಲ್ಲು ಕೊಟ್ಟರು. ವರಲಕ್ಷ್ಮಮ್ಮ ಒಂದು ಸುತ್ತು ಕುಣಿದರು. ಹರಿಗೋಲಿನ ಅಮಲು ಇಳಿದಿರಲಿಲ್ಲವಾಗಿ ಎರಡನೆಯ ಸುತ್ತು ತಾನಾಗಿಯೇ ಬಂತು. ಸಿದ್ದಮ್ಮ ಅತ್ತೆಯ ಕೈ ಹಿಡಿದಳು. ಮಾರಕ್ಕನಿಗೂ ಕಾಲು ನಿಲ್ಲಲಿಲ್ಲ. ಎಮ್ಮೆಯ ಮೇಲಿಂದ ಕೊನೆಗೂ ಇಳಿದು ಓಡಿಬಂದ ತಿಮ್ಮಯ್ಯ, ಇದನ್ನು ಮುಂದೆ ಯಾವ ಬಂಡೆಯ ಕತೆಗೆ ಸೇರಿಸಲಿ ಎಂದು ಆಗಲೇ ಲೆಕ್ಕ ಹಾಕುತ್ತಿದ್ದ. ಬೋರಮ್ಮ ಒಬ್ಬಳೇ ಕುಣಿಯದೆ, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

ಹೊತ್ತು ಮುಳುಗುವಾಗ ಬೀಗತಿಯರಿಬ್ಬರೇ ಗೇಟಿಗೆ ಬಂದರು. ಉಳಿದವರನ್ನು ಬೋರಮ್ಮನೇ ಮನೆಗೆ ಕಳಿಸಿದ್ದಳು. ಬೆಟ್ಟಗಳು ನೇರಳೆಯಾಗಿದ್ದವು. ದೂರದಲ್ಲಿ ಬಸ್ಸಿನ ದೀಪ ಒಂದು ತಿರುವಿನಲ್ಲಿ ಕಂಡು ಇನ್ನೊಂದು ತಿರುವಿನಲ್ಲಿ ಮರೆಯಾಯಿತು.

ಬೋರಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದುದನ್ನು ವರಲಕ್ಷ್ಮಮ್ಮನ ಅಂಗೈಯಲ್ಲಿಟ್ಟಳು. ಹಿತ್ತಾಳೆಯ ಗುಂಡು. ಮೈಬಿಸಿಗೆ ಬೆಚ್ಚಗಿತ್ತು.

"ಆವತ್ತು ದಿಬ್ಬಣ ಹೊರಡೋವಾಗ ನಿಮ್ ಚೀಲ ಜಗಲಿ ಮ್ಯಾಲಿತ್ತು," ಎಂದಳು, ನೆಲ ನೋಡುತ್ತ. "ಮಗ್ಳೂ ಹೊಂಟ್ಲು, ಗಂಟೇನೂ ಹೊಂಟೋಯ್ತು. ದನಿಯಾದ್ರೂ ಮನೇಲಿರ್ಲಿ ಅಂತ ಬಿಚ್ಕಂಡ್ಬುಟ್ಟೆ ಅಕ್ಕ. ಬೆಳಗ್ಗೆ ನೀವು ಬಂದ ತಕ್ಷಣ ಕೇಳ್ತೀರಿ, ನಕ್ಕಂಡು ಕೊಟ್ಬುಡಾನ ಅಂತಿದ್ದೆ. ನೀವು ಕ್ವಾಟೆ ಕ್ವಾಟೆ ಅಂತ ಹೊಂಟ್ರಿ. ಆಮ್ಯಾಕೆ... ಬಾಯೇ ಬರ್ನಿಲ್ಲ."

ವರಲಕ್ಷ್ಮಮ್ಮ ಗುಂಡನ್ನು ನೋಡಿದರು, ಬೋರಮ್ಮನನ್ನು ನೋಡಿದರು. ಮಗಳನ್ನು ಕಳಿಸಿಕೊಟ್ಟ ದಿನ ಈ ಹೆಂಗಸು ಜಗಲಿಯ ಮೇಲೆ ಒಬ್ಬಳೇ ನಿಂತು ಗಂಟೆಯ ನಾಲಿಗೆ ಬಿಚ್ಚಿದ್ದು ಅವರ ಕಣ್ಣಿಗೆ ಕಟ್ಟಿತು. ಬೈಯಲು ತೆರೆದ ಬಾಯಲ್ಲಿ ನಗುವಿನ ಕೊನೆಯ ತುಣುಕೊಂದು ಉಳಿದಿತ್ತು, ಅದೇ ಬಂತು.

"ನನ್ನ ಕುಣಿಸಿಬಿಟ್ಟಿರಲ್ರೀ."

"ಚೆಂದಾಗೇ ಕುಣಿದ್ರಿ ಕಣಕ್ಕ," ಎಂದಳು ಬೋರಮ್ಮ, ಕಣ್ಣೊರೆಸಿಕೊಂಡು.

ಬಸ್ಸು ಹತ್ತಿರವಾಯಿತು. ವರಲಕ್ಷ್ಮಮ್ಮ ಚೀಲದಿಂದ ಗಂಟೆ ತೆಗೆದರು. ಹಾಲೆಮರದ ನಾಲಿಗೆಯನ್ನು ಬಿಚ್ಚಿ ತಮ್ಮ ಸೆರಗಿನ ತುದಿಗೆ ಕಟ್ಟಿಕೊಂಡರು. ಹಿತ್ತಾಳೆಯದನ್ನು ಕೊಂಡಿಗೆ ಸಿಕ್ಕಿಸಿ, ಹೊಳೆಯ ಕಡೆ ಮುಖಮಾಡಿ ಒಂದೇ ಸಲ, ಮೆಲ್ಲಗೆ ಅಲ್ಲಾಡಿಸಿದರು. ಆ ದನಿ ಅಡಗುವವರೆಗೆ ಕಾದು, ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೋರಮ್ಮನ ಕೈಗೆ ಕೊಟ್ಟರು.